ಕೆ.ಇ.ಬಿ. ಹೋಗಿ ಕಾಲವಾಯಿತು, ನಾವು ಬಿಲ್ಲು ಓದುವುದು ಯಾವಾಗ?

"ಕರೆಂಟು ಹೋಯ್ತು, ಕೆ.ಇ.ಬಿ.ಗೆ ಫೋನ್ ಮಾಡ್ರೀ!"

ಈ ಕೂಗು ನಿಮ್ಮ ಮನೆಯಲ್ಲೂ ಎದ್ದಿರುತ್ತದೆ. ಅಕ್ಕಿ ಉದ್ದು ತೊಳೆದು ಗ್ರೈಂಡರಿಗೆ ಹಾಕಿ, ಇನ್ನೇನು ಹಿಟ್ಟು ನುಣ್ಣಗಾಗಬೇಕು ಅನ್ನುವಾಗ ಕರೆಂಟು ಕೈಕೊಟ್ಟರೆ ನಾನೂ ಹೀಗೇ ಕೂಗುತ್ತೇನೆ. ಆದರೆ ಸೋದರಿಯರೆ, ನಾವು ಹೀಗೆ ದಿನಾ ಹೆಸರು ಹಿಡಿದು ಬೈಯುವ ಆ ಕೆ.ಇ.ಬಿ. ಈಗ ಇಲ್ಲ. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿ 1999ರ ಆಗಸ್ಟ್ 1ಕ್ಕೆ ಮುಗಿದುಹೋಯಿತು. ಕಾಲು ಶತಮಾನ ಕಳೆದರೂ ನಮ್ಮ ಬಾಯಲ್ಲಿ ಮಾತ್ರ ಅದು ಇನ್ನೂ ಬದುಕಿದೆ. ಹೆಸರಿನಲ್ಲೇನಿದೆ, ಕರೆಂಟು ಬಂದರಾಯಿತು ಅನ್ನುತ್ತೀರಾ? ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಒಬ್ಬ ಓದುಗ ಸೋದರಿ ಬರೆದ ನಾಲ್ಕು ಪುಟದ ಪತ್ರ ನನ್ನ ಅಭಿಪ್ರಾಯವನ್ನು ಬದಲಿಸಿತು.

ಬಯಲುಸೀಮೆಯ ಒಂದು ತಾಲ್ಲೂಕು ಊರಿನವರು ಅವರು. ಊರಿನ ಹೆಸರು, ಕಚೇರಿಯ ಹೆಸರು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ಮನೆಯಲ್ಲಿ ಗಂಡ, ಹೆಂಡತಿ, ಪಿ.ಯು.ಸಿ. ಓದುವ ಮಗಳು, ವಯಸ್ಸಾದ ಅತ್ತೆ. ಮೀಟರು ತೀರಿಕೊಂಡ ಮಾವನವರ ಹೆಸರಿನಲ್ಲೇ ಇದೆ. ಗೃಹಜ್ಯೋತಿ ಬಂದ ಮೇಲೆ ತಿಂಗಳು ತಿಂಗಳೂ ಸೊನ್ನೆ ಬಿಲ್ಲು ಬರುತ್ತಿತ್ತು. 2024ರ ಬೇಸಗೆಯ ಒಂದು ತಿಂಗಳು ಬಂದದ್ದು 1,616 ರೂಪಾಯಿಯ ಬಿಲ್ಲು! ಮನೆಯ ಯಜಮಾನರು ಬಿಲ್ಲನ್ನು ಹೆಂಡತಿಯ ಮುಂದೆ ಹಿಡಿದು, "ನೋಡು ನಿನ್ನ ದರ್ಬಾರು" ಅಂದರಂತೆ. ಮಿಕ್ಸಿ ನಿನ್ನದು, ಇಸ್ತ್ರಿ ನಿನ್ನದು, ಧಾರಾವಾಹಿ ನಿನ್ನದು. ಆ ದಿನದಿಂದ ಫ್ರಿಜ್ಜಿನ ಪ್ಲಗ್ಗು ಕಿತ್ತರು. ಮಗಳು ರಾತ್ರಿ ಹತ್ತರ ಮೇಲೆ ದೀಪ ಹಾಕಿ ಓದುವಂತಿಲ್ಲ. ಅತ್ತೆಯವರ ಕೋಣೆಯ ಫ್ಯಾನು ಮಧ್ಯಾಹ್ನ ಬಂದ್.

"ಅಕ್ಕಾ, ಬಿಲ್ಲಿಗಿಂತ ಆ ಮಾತೇ ನನ್ನನ್ನು ಸುಟ್ಟಿತು. ನಾನು ಒಂದು ಬಲ್ಬು ಸುಮ್ಮನೆ ಉರಿಯಲು ಬಿಡುವವಳಲ್ಲ. ಹೋದ ತಿಂಗಳಿಗಿಂತ ಹೆಚ್ಚಾಗಿ ಏನು ಉರಿಸಿದೆ ಎಂದು ಯೋಚಿಸಿ ಯೋಚಿಸಿ ನಿದ್ದೆ ಬರಲಿಲ್ಲ" ಎಂದು ಬರೆದಿದ್ದಾರೆ.

ನಾಲ್ಕನೆಯ ದಿನ ಈಕೆ ಒಂದು ಕೆಲಸ ಮಾಡಿದರು. ಸ್ಟೂಲು ಹಾಕಿಕೊಂಡು ಹತ್ತಿ, ಜಗಲಿಯ ಮೂಲೆಯ ಮೀಟರನ್ನು ಮೊದಲ ಬಾರಿಗೆ ನೋಡಿದರು. ಮದುವೆಯಾಗಿ ಆ ಮನೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು! ಬಿಲ್ಲಿನಲ್ಲಿ ಹಿಂದಿನ ರೀಡಿಂಗು 6,314, ಈಗಿನ ರೀಡಿಂಗು 6,528, ಖರ್ಚು 214 ಯೂನಿಟ್ಟು ಎಂದು ಅಚ್ಚಾಗಿತ್ತು. ಮೀಟರಿನಲ್ಲಿ ಅಂದು ಕಂಡ ಅಂಕಿ 6,443. ಬಿಲ್ಲು ಬಂದು ನಾಲ್ಕು ದಿನ ಕಳೆದಿದ್ದರೂ ಮೀಟರು ಬಿಲ್ಲಿನ ಅಂಕಿಯನ್ನು ಇನ್ನೂ ಮುಟ್ಟಿರಲಿಲ್ಲ. ದಿನಕ್ಕೆ ಮೂರೂ ಮುಕ್ಕಾಲು ಯೂನಿಟ್ಟಿನ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಿದರೆ ಬಿಲ್ಲಿನ ದಿನ ಇದ್ದದ್ದು 6,428. ಯಂತ್ರಕ್ಕೆ ಅಂಕಿ ಒತ್ತುವಾಗ ನಾಲ್ಕರ ಬದಲು ಐದು ಒತ್ತಿದ್ದರು, ಅಷ್ಟೆ. ಖರ್ಚಾಗಿದ್ದು 214 ಅಲ್ಲ, 114.

ಒಂದು ಅಂಕಿಯ ತಪ್ಪಿಗೆ ಪೂರ್ತಿ ಬಿಲ್ಲು ಏಕೆ ಬಂತು? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗೃಹಜ್ಯೋತಿ ಅಂದರೆ 200 ಯೂನಿಟ್ಟು ಪುಕ್ಕಟೆ ಎಂದೇ ಬಹಳ ಮಂದಿ ತಿಳಿದಿದ್ದೇವೆ. ಅದು ಹಾಗಿಲ್ಲ. 2023ರಲ್ಲಿ ಯೋಜನೆ ತಂದಾಗ, ಅದರ ಹಿಂದಿನ 2022-23ರ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಶೇಕಡ 10 ಸೇರಿಸಿ ನಿಮ್ಮ ಅರ್ಹತೆಯನ್ನು ಗೊತ್ತುಮಾಡಿದರು. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಬಡವರಿಗೆ ಶೇಕಡ 10ರ ಬದಲು 10 ಯೂನಿಟ್ಟು ಸೇರಿಸುವ ತೀರ್ಮಾನ 2024ರ ಜನವರಿಯಲ್ಲಾಯಿತು. ಈ ಸೋದರಿಯ ಮನೆಯ ಸರಾಸರಿ 108, ಆದ್ದರಿಂದ ಅರ್ಹತೆ 118. ಅದರೊಳಗೆ ಉರಿಸಿದರೆ ಸೊನ್ನೆ ಬಿಲ್ಲು. 118 ದಾಟಿ 200ರೊಳಗಿದ್ದರೆ ಹೆಚ್ಚು ಉರಿಸಿದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿತೋ, ಮೊದಲನೆಯ ಯೂನಿಟ್ಟಿನಿಂದ ಪೂರ್ತಿ ಬಿಲ್ಲು ನಿಮ್ಮ ತಲೆಯ ಮೇಲೆ! ನೂರು ಯೂನಿಟ್ಟಿನ ತಪ್ಪು ಅವರನ್ನು ಆ ಗೆರೆ ದಾಟಿಸಿಬಿಟ್ಟಿತ್ತು.

ಇನ್ನು ಕಚೇರಿಯ ಕಥೆ. ಮೊದಲ ದಿನ "ಮೊದಲು ದುಡ್ಡು ಕಟ್ಟಿ, ಆಮೇಲೆ ನೋಡೋಣ" ಅಂದರು. ಎರಡನೆಯ ದಿನ "ಯಜಮಾನ್ರನ್ನ ಕಳ್ಸಿಯಮ್ಮ" ಅಂದರು. ಯಜಮಾನರೋ, ಸಾವಿರದ ಆರುನೂರಕ್ಕೆ ಅರ್ಧ ದಿನದ ಕೆಲಸ ಬಿಟ್ಟು ಬರಲಾರೆ, ಕಟ್ಟಿಬಿಡು ಅಂದರು. ಮೂರನೆಯ ಸಲ ಈಕೆ ಮಗಳ ಕೈಯಲ್ಲಿ ಅರ್ಜಿ ಬರೆಸಿ ಎರಡು ಪ್ರತಿ ಮಾಡಿದರು. ಮಗಳ ಮೊಬೈಲಿನಲ್ಲಿ ತೆಗೆದ ಮೀಟರಿನ ಫೋಟೋವನ್ನು ಅಚ್ಚು ಹಾಕಿಸಿ ಲಗತ್ತಿಸಿದರು. "ಒಂದು ಪ್ರತಿಗೆ ಸೀಲು ಹಾಕಿ ತಾರೀಕು ಬರೆದುಕೊಡಿ, ಅಷ್ಟು ಸಾಕು" ಎಂದು ಕೌಂಟರಿನ ಮುಂದೆ ನಿಂತರು. ಸೀಲು ಬಿದ್ದ ಮೇಲೆ ಅರ್ಜಿಗೆ ಕಾಲು ಬಂತು ನೋಡಿ! ಮರುದಿನವೇ ಕಿರಿಯ ಇಂಜಿನಿಯರರು ಮನೆಗೆ ಬಂದು ಮೀಟರು ನೋಡಿದರು. ಹನ್ನೊಂದನೆಯ ದಿನ ಬಿಲ್ಲು ತಿದ್ದಿ ಸೊನ್ನೆಯಾಯಿತು. ಇಂಜಿನಿಯರರು ಸಭ್ಯರು, ತಪ್ಪಾಯಿತಮ್ಮಾ ಅಂದರಂತೆ. ಅದನ್ನೂ ಬರೆಯಬೇಕು.

ಪತ್ರದ ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆಗಳು ಇವು. "ಯೂನಿಟ್ಟಿಗೆ ಇಷ್ಟು ಎಂದು ರೇಟು ಹಾಕುವವರು ಯಾರು? ನಮ್ಮನ್ನು ಯಾರೂ ಕೇಳುವುದಿಲ್ಲವೆ? ಕಂಪೆನಿ ಖಾಸಗಿಯಾಯಿತು ಎನ್ನುತ್ತಾರೆ, ನಿಜವೆ?"

ಉತ್ತರ ಹೇಳಲು ಮತ್ತೆ ಸತ್ತ ಕೆ.ಇ.ಬಿ.ಗೇ ಹೋಗಬೇಕು. ಕೂಡು ಕುಟುಂಬ ನಮಗೆ ಗೊತ್ತಿಲ್ಲದ್ದಲ್ಲ. ದೊಡ್ಡ ಸಂಸಾರ, ಒಂದೇ ಒಲೆ. ಯಾರು ಎಷ್ಟು ದುಡಿದರು, ಯಾರು ಎಷ್ಟು ತಿಂದರು, ಸಾಲ ಯಾರ ಹೆಸರಿನಲ್ಲಿ, ಕೇಳುವ ಹಾಗಿಲ್ಲ. ದೇಶದ ವಿದ್ಯುಚ್ಛಕ್ತಿ ಮಂಡಳಿಗಳೆಲ್ಲ ಹೀಗೇ ಇದ್ದವು. ಕರೆಂಟು ಸಾಗುವಾಗ ತಂತಿಯಲ್ಲಿ ಸೋರಿದ್ದೆಷ್ಟು, ಕೊಕ್ಕೆ ಹಾಕಿ ಕದ್ದದ್ದೆಷ್ಟು, ಮೀಟರಿಲ್ಲದ ಪಂಪ್‌ಸೆಟ್ಟಿಗೆ ಹೋದದ್ದೆಷ್ಟು ಎಂದು ಬಿಡಿಸಿ ಹೇಳುವ ಲೆಕ್ಕವೇ ಇರಲಿಲ್ಲ. ರೇಟು ಏರಿಸುವುದು ಇಳಿಸುವುದು ಸರ್ಕಾರದ ಮರ್ಜಿ, ಅದಕ್ಕೆ ಚುನಾವಣೆಯ ಪಂಚಾಂಗ ಬೇರೆ. ನಷ್ಟ ಬೆಳೆಯಿತು, ಸಾಲ ಬೆಳೆಯಿತು. ನಮ್ಮಲ್ಲಿ ಕರೆಂಟು ತಯಾರಿಸುವ ಕೆಲಸಕ್ಕೆ 1970ರಲ್ಲೇ ಬೇರೆ ನಿಗಮ ಮಾಡಿದ್ದರೂ ಉಳಿದ ಸಂಸಾರ ಒಂದೇ ಒಲೆಯಲ್ಲಿತ್ತು.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶ 1982ರಲ್ಲೇ ಕಾನೂನು ಮಾಡಿ ವಿದ್ಯುತ್ತಿನ ಸಂಸಾರವನ್ನು ಪಾಲು ಮಾಡಿತು. ತೊಂಬತ್ತರ ದಶಕದಲ್ಲಿ ವಿಶ್ವಬ್ಯಾಂಕು, ನೀವೂ ಹಾಗೆ ಮಾಡಿದರೆ ಸಾಲ ಕೊಡುತ್ತೇವೆ ಎಂದು ಹಿಂದುಳಿದ ದೇಶಗಳಿಗೆಲ್ಲ ಹೇಳತೊಡಗಿತು. ನಮ್ಮ ದೇಶದಲ್ಲಿ ಮೊದಲು ಒಪ್ಪಿದ್ದು ಒರಿಸ್ಸಾ ರಾಜ್ಯ. ಅದು 1995ರಲ್ಲಿ ಸುಧಾರಣಾ ಕಾಯಿದೆ ಮಾಡಿತು. ಆಮೇಲೆ ಮನೆಮನೆಗೆ ಕರೆಂಟು ಹಂಚುವ ಕೆಲಸವನ್ನೇ ಖಾಸಗಿಯವರಿಗೆ ಕೊಟ್ಟಿತು. 1999ರ ಅಕ್ಟೋಬರಿನಲ್ಲಿ ಅಲ್ಲಿ ಭಯಂಕರ ಚಂಡಮಾರುತ ಬಂದು ಕಂಬಗಳೆಲ್ಲ ನೆಲಕಚ್ಚಿದವು. ಆ ಭಾಗವನ್ನು ವಹಿಸಿಕೊಂಡಿದ್ದ ಅಮೆರಿಕದ ಕಂಪೆನಿ 2001ರಲ್ಲಿ ಕೈತೊಳೆದುಕೊಂಡು ಹೊರಟೇಹೋಯಿತು. ಉಳಿದ ಮೂರು ಭಾಗಗಳ ಖಾಸಗಿ ಕಂಪೆನಿಗಳ ಪರವಾನಗಿಯನ್ನು 2015ರಲ್ಲಿ ಅಲ್ಲಿನ ಆಯೋಗವೇ ರದ್ದು ಮಾಡಿತು. ಈಗ ಮತ್ತೊಂದು ಖಾಸಗಿ ಕಂಪೆನಿ ಬಂದಿದೆ. ಪಾಲು ಮಾಡಿದ ಮಾತ್ರಕ್ಕೆ ಸಂಸಾರ ನೆಟ್ಟಗಾಗುವುದಿಲ್ಲ ಎಂಬುದನ್ನು ನಮ್ಮ ಅಜ್ಜಿಯರೇ ಹೇಳುತ್ತಿದ್ದರಲ್ಲ.

ಕರ್ನಾಟಕದ ಪಾಲುಪಟ್ಟಿ 1999ರದ್ದು. ಆ ವರ್ಷದ ವಿದ್ಯುಚ್ಛಕ್ತಿ ಸುಧಾರಣಾ ಕಾಯಿದೆಯಂತೆ ಕೆ.ಇ.ಬಿ. ಹೋಗಿ ವಿದ್ಯುತ್ ಪ್ರಸರಣ ನಿಗಮ ಬಂತು. ದೊಡ್ಡ ದೊಡ್ಡ ಗೋಪುರದ ತಂತಿಗಳು ಅದರ ಪಾಲಿಗೆ. 2002ರ ಜೂನ್ 1ರಿಂದ ಮನೆಮನೆಗೆ ಹಂಚುವ ಕೆಲಸವನ್ನು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಗುಲ್ಬರ್ಗ ಎಂದು ನಾಲ್ಕು ಕಂಪೆನಿಗಳಿಗೆ ಕೊಟ್ಟರು. 2005ರಲ್ಲಿ ಮೈಸೂರಿನ ಚಾಮುಂಡೇಶ್ವರಿ ಕಂಪೆನಿ ಸೇರಿ ಐದಾಯಿತು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಂದು ಬಿಲ್ಲಿನ ತಲೆಯ ಮೇಲೆ ನೋಡುತ್ತೀರಲ್ಲ, ಅವೇ ಇವು. ಕಂಪೆನಿ ಎಂಬ ಹೆಸರು ನೋಡಿ ಖಾಸಗಿ ಅಂದುಕೊಳ್ಳಬೇಡಿ, ಐದೂ ಸರ್ಕಾರದವೇ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಓದುಗರು "ನಮ್ಮನ್ನು ಮರೆತಿರಾ?" ಎಂದು ಕೇಳಿಯಾರು. ಅಲ್ಲಿ 1969ರಿಂದ ಕರೆಂಟು ಹಂಚುತ್ತಿರುವುದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಹಾಲಿನ ಸೊಸೈಟಿಯ ಹಾಗೆ ಕರೆಂಟಿನದೂ ಒಂದು ಸೊಸೈಟಿ!

ಪಾಲಾದ ಅಣ್ಣತಮ್ಮಂದಿರಿಗೆ ನ್ಯಾಯ ಹೇಳಲು ಪಂಚರು ಬೇಕಲ್ಲವೆ? ಅದಕ್ಕೆ 1999ರ ನವೆಂಬರಿನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. ಯೂನಿಟ್ಟಿನ ಬೆಲೆ ಗೊತ್ತುಮಾಡುವವರು ಇವರೇ. ಮಂತ್ರಿಗಳಲ್ಲ, ಕಂಪೆನಿಯವರಲ್ಲ, ನಿಮ್ಮ ಬೀದಿಯ ಲೈನ್‌ಮನ್ ಅಂತೂ ಮೊದಲೇ ಅಲ್ಲ. ಬಡಪಾಯಿ, ಮಳೆಯಲ್ಲಿ ಕಂಬ ಹತ್ತುವವನನ್ನು ರೇಟು ಏರಿತೆಂದು ಬೈಯುವುದು ಯಾವ ನ್ಯಾಯ?

ಸುಧಾರಣೆಯಲ್ಲಿ ನಮಗೆ ಸಿಕ್ಕ ನಿಜವಾದ ಪಾಲು ಇಲ್ಲೇ ಇದೆ, ಗಮನವಿಟ್ಟು ಓದಿ. ಕಂಪೆನಿ ತನಗೆ ಇಷ್ಟು ಖರ್ಚು, ಇಷ್ಟು ಆದಾಯ, ರೇಟು ಇಷ್ಟು ಏರಿಸಿಕೊಡಿ ಎಂದು ಆಯೋಗದ ಮುಂದೆ ಅರ್ಜಿ ಹಾಕಬೇಕು. ಆ ಅರ್ಜಿಯ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅದನ್ನು ಓದಿ ಆಕ್ಷೇಪಣೆ ಬರೆಯುವ ಹಕ್ಕು ಯಾರಿಗೂ ಉಂಟು. ಆಮೇಲೆ ಆಯೋಗ ಬಹಿರಂಗ ಅಹವಾಲು ಸಭೆ ಕರೆದು ಕೇಳುತ್ತದೆ. ಅರ್ಜಿ ಬಂದ 120 ದಿನದೊಳಗೆ ಕಾರಣ ಬರೆದು ಆದೇಶ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆ ಹೇಳುತ್ತದೆ. ಕೆ.ಇ.ಬಿ. ಕಾಲದಲ್ಲಿ ಇದಾವುದೂ ಇರಲಿಲ್ಲ.

ಇಂಥ ಒಂದು ಸಭೆಗೆ ನಾನು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕಾರ್ಖಾನೆಯವರ ಸಂಘದಿಂದ ಮೂವರು ಬಂದಿದ್ದರು, ಕೈಯಲ್ಲಿ ದಪ್ಪ ಫೈಲು, ಪಕ್ಕದಲ್ಲಿ ಲೆಕ್ಕಿಗರು. ಹಸಿರು ಶಾಲಿನ ರೈತರು ದೊಡ್ಡ ಗುಂಪಾಗಿ ಬಂದಿದ್ದರು. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾಯಿತು ಎಂದು ಒಬ್ಬರು ಮೇಜು ಕುಟ್ಟಿದರು, ಅಧ್ಯಕ್ಷರು ಬರೆದುಕೊಂಡರು. ಹೋಟೆಲಿನವರು, ಐಸ್ ಫ್ಯಾಕ್ಟರಿಯವರು ಒಬ್ಬೊಬ್ಬರಾಗಿ ಎದ್ದು ತಮ್ಮ ಕಷ್ಟ ಹೇಳಿದರು. ಮನೆಯ ದೀಪ, ಮನೆಯ ಮಿಕ್ಸಿಯ ಪರವಾಗಿ ಮಾತಾಡಿದ್ದು ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ. ಹೆಂಗಸರು ನನ್ನನ್ನೂ ಸೇರಿಸಿ ಇಬ್ಬರು, ಇಬ್ಬರೂ ಬಾಯಿ ಬಿಡಲಿಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಊಟದ ಹೊತ್ತಿಗೆ ಹೊರಗೆ ಬಂದಾಗ ಆಕೆ, "ಏನ್ ಕೇಳ್ಬೇಕೂಂತ ಗೊತ್ತಿದ್ರೆ ಅಲ್ವೇನ್ರೀ ಕೇಳೋದು" ಅಂದರು. ಸರಿಯಾದ ಮಾತು.

ಕೇಳದೆ ಇದ್ದರೆ ಏನಾಗುತ್ತದೆ? 2023ರ ಕಥೆ ನೆನಪಿದೆಯೆ? ಆ ಮೇ 12ರಂದು ಆಯೋಗದ ಆದೇಶ ಬಂತು. ಎಲ್ಲ ಬಗೆಯ ಗ್ರಾಹಕರನ್ನೂ ಸೇರಿಸಿ ಸರಾಸರಿ ಯೂನಿಟ್ಟಿಗೆ 70 ಪೈಸೆ ಏರಿಕೆ, ಅದೂ ಏಪ್ರಿಲಿನಿಂದಲೇ ಜಾರಿ. ಚುನಾವಣೆಯ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಜೂನಿನಲ್ಲಿ ಹಿಂದಿನ ಬಾಕಿಯೂ ಸೇರಿ ಬಿಲ್ಲು ಬಂದಾಗ ಊರೂರಲ್ಲಿ ಬೊಬ್ಬೆ. ಆ ವರ್ಷದ ಲೆಕ್ಕವೂ ವಿಚಿತ್ರವಾಗಿತ್ತು. 100 ಯೂನಿಟ್ಟಿನ ತನಕ 4 ರೂ. 75 ಪೈಸೆ. 100 ದಾಟಿದರೆ ಅಷ್ಟಕ್ಕೂ 7 ರೂಪಾಯಿ. 100 ಉರಿಸಿದವರಿಗೆ 475 ರೂ., 101 ಉರಿಸಿದವರಿಗೆ 707! ಒಂದೇ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ ಆದ ಹಾಗೆ. ಅಡುಗೆಮನೆಯ ಲೆಕ್ಕ ಬರೆಯುವ ಯಾವ ಹೆಂಗಸಾದರೂ ಸಭೆಯಲ್ಲಿ ಎದ್ದು ನಿಂತು ಈ ಒಂದು ಪ್ರಶ್ನೆ ಕೇಳಬಹುದಿತ್ತು.

ಮರುವರ್ಷ, 2024ರ ಏಪ್ರಿಲಿನಿಂದ, ಆ ಎರಡು ಮೆಟ್ಟಿಲು ತೆಗೆದು ಎಲ್ಲ ಯೂನಿಟ್ಟಿಗೂ 5 ರೂ. 90 ಪೈಸೆ ಮಾಡಿದರು. ಹೆಚ್ಚು ಉರಿಸುವವರಿಗೆ 1 ರೂ. 10 ಪೈಸೆ ಇಳಿಯಿತು, ಪತ್ರಿಕೆಗಳಲ್ಲಿ ದರ ಇಳಿಕೆ ಎಂದು ದೊಡ್ಡ ಅಕ್ಷರದಲ್ಲಿ ಬಂತು. 100ರೊಳಗೆ ಉರಿಸುವ ಚಿಕ್ಕ ಮನೆಗಳಿಗೆ ಅದೇ ಹೊತ್ತಿಗೆ 1 ರೂ. 15 ಪೈಸೆ ಏರಿತು! ಯಾರೂ ಕೂಗಲಿಲ್ಲ, ಏಕೆಂದರೆ ಆ ಮನೆಗಳ ಬಿಲ್ಲು ಸೊನ್ನೆ, ಸರ್ಕಾರ ಕಟ್ಟುತ್ತದೆ. ಗೃಹಜ್ಯೋತಿ ಬೇಡ ಎಂದು ನಾನು ಹೇಳುವವಳಲ್ಲ. ಆ ಹಣ ಉಳಿದು ಮಕ್ಕಳ ಫೀಸಿಗೆ ಒದಗಿದ ಮನೆಗಳನ್ನು ನೋಡಿದ್ದೇನೆ. ಆದರೆ ಸೊನ್ನೆ ಬಿಲ್ಲು ಎಂದು ಚೀಟಿ ಮಡಚಿ ಗೂಟಕ್ಕೆ ಸಿಕ್ಕಿಸಿದರೆ, ಆ ಸೊನ್ನೆಯ ಹಿಂದೆ ಬೆಲೆ ಏರುತ್ತಿರುವುದು ಕಾಣುವುದೇ ಇಲ್ಲ. ಒಂದು ತಿಂಗಳು ಗೆರೆ ದಾಟಿದಾಗ ಆ ಏರಿದ ಬೆಲೆಯೇ ನಮ್ಮ ಮೇಲೆ ಬೀಳುತ್ತದೆ. ಈ ಸೋದರಿಗೆ ಬಿದ್ದದ್ದೂ ಹಾಗೆಯೇ.

ಅವರ 1,616ನ್ನು ಬಿಡಿಸಿ ನೋಡೋಣವೆ? ಪೆನ್ಸಿಲ್ ತೆಗೆದುಕೊಳ್ಳಿ. 214 ಯೂನಿಟ್ಟಿಗೆ 5.90ರಂತೆ 1,262 ರೂ. 60 ಪೈಸೆ. ಮನೆಗೆ ಮಂಜೂರಾದ ಲೋಡು 2 ಕಿಲೋವ್ಯಾಟು, ಆಗ ಕಿಲೋವ್ಯಾಟಿಗೆ 120ರಂತೆ ನಿಗದಿತ ಶುಲ್ಕ 240. ಯೂನಿಟ್ಟಿನ ಹಣದ ಮೇಲೆ ಸರ್ಕಾರದ ತೆರಿಗೆ ಶೇಕಡ 9, ಅದು 113 ಚಿಲ್ಲರೆ. ಸೇರಿಸಿದರೆ 1,616. ಈ ನಿಗದಿತ ಶುಲ್ಕ ಅನ್ನುವುದು ಮನೆ ಬಾಡಿಗೆ ಇದ್ದ ಹಾಗೆ, ನೀವು ಊರಿಗೆ ಹೋಗಿ ಬೀಗ ಹಾಕಿದ್ದರೂ ಬೀಳುತ್ತದೆ. ನಿಮ್ಮ ಬಿಲ್ಲಿನಲ್ಲಿ ಲೋಡು ಎಷ್ಟಿದೆ ಎಂದು ಇವತ್ತೇ ನೋಡಿ. ಎಂದೋ ಗೀಸರಿಗೆಂದು ಮೂರು ಕಿಲೋವ್ಯಾಟು ಬರೆಸಿ, ಈಗ ಸೋಲಾರ್ ಬಿಸಿನೀರು ಬಂದು ಗೀಸರು ಅಟ್ಟ ಸೇರಿದ್ದರೆ, ಲೋಡು ಇಳಿಸಿಕೊಡಿ ಎಂದು ಅರ್ಜಿ ಕೊಡಬಹುದು.

ಇದರ ಜೊತೆಗೆ ಇಂಧನ ಮತ್ತು ವಿದ್ಯುತ್ ಖರೀದಿ ಹೊಂದಾಣಿಕೆ ಎಂಬ ಒಂದು ಸಾಲು ಇರುತ್ತದೆ. ಕಲ್ಲಿದ್ದಲು ತುಟ್ಟಿಯಾಯಿತು, ಹೊರಗಿನ ಕರೆಂಟು ಕೊಂಡೆವು ಎಂದು ತಿಂಗಳಿಂದ ತಿಂಗಳಿಗೆ ಏರುವ ಇಳಿಯುವ ಪೈಸೆಗಳು ಅವು. 2025ರ ಏಪ್ರಿಲ್ 1ರಿಂದ ಇನ್ನೊಂದು ಸಾಲು ಸೇರಿತು. ಯೂನಿಟ್ಟಿಗೆ 36 ಪೈಸೆ, ಪಿಂಚಣಿ ಮತ್ತು ಗ್ರಾಚ್ಯುಟಿಯ ಲೆಕ್ಕಕ್ಕೆ! ಯಾರ ಪಿಂಚಣಿ? ಪ್ರಸರಣ ನಿಗಮ ಮತ್ತು ಕಂಪೆನಿಗಳ ನೌಕರರದು, ಅದರಲ್ಲಿ ಸರ್ಕಾರ ಹೊರಬೇಕಿದ್ದ ಪಾಲು. ಕೂಡು ಕುಟುಂಬ ಒಡೆದಾಗಿನ ಪಾಲುಪಟ್ಟಿಯ ಒಂದು ಬಾಕಿ ತಿರುಗಿ ತಿರುಗಿ ಕೊನೆಗೆ ನಮ್ಮ ಒಗ್ಗರಣೆ ಡಬ್ಬಿಯ ದುಡ್ಡಿಗೆ ಬಂದು ಸೇರಿದೆ. ನೌಕರರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಹಿಟ್ಟು ರುಬ್ಬುವವಳ ಬಿಲ್ಲಿನಲ್ಲಿ ವಸೂಲು ಮಾಡಬೇಕೇ ಎಂಬುದು ನನ್ನ ತಕರಾರು.

ಮೀಟರು ನೋಡುವುದು ಕಷ್ಟವೇನಲ್ಲ. ಈಗಿನ ಮೀಟರುಗಳಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ, ತಾರೀಕು, ಗಂಟೆ ಎಲ್ಲ ಬರುತ್ತದೆ. ಕೆ.ಡಬ್ಲ್ಯು.ಎಚ್. ಎಂದು ಪಕ್ಕದಲ್ಲಿ ಬಂದಾಗ ಕಾಣುವ ಅಂಕಿಯೇ ಯೂನಿಟ್ಟು. ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಮೀಟರಿನ ಮುಖದ ಮೇಲೆ 3,200 ಎಂದು ಬರೆದಿದ್ದರೆ, ಅಷ್ಟು ಬಾರಿ ಮಿಟುಕಿದರೆ ಒಂದು ಯೂನಿಟ್ಟು. ಮನೆಯ ಮೇನ್ ಸ್ವಿಚ್ಚು ಆರಿಸಿ ಹತ್ತು ನಿಮಿಷ ಆ ದೀಪವನ್ನು ನೋಡಿ. ಆಗಲೂ ಮಿಟುಕುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೆ ನಿಮ್ಮ ಮೀಟರಿನಿಂದ ಬೇರೆ ಯಾರೋ ಎಳೆದುಕೊಂಡಿದ್ದಾರೆ. ಕೂಡಲೇ ತೋರಿಸಿ, ನೀವಾಗಿ ತಂತಿ ಮುಟ್ಟಲು ಹೋಗಬೇಡಿ.

ಇನ್ನು ಯಾವುದು ಎಷ್ಟು ತಿನ್ನುತ್ತದೆ? 1,000 ವ್ಯಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. 2,000 ವ್ಯಾಟಿನ ಗೀಸರು ಅರ್ಧ ಗಂಟೆಗೇ ಒಂದು ಯೂನಿಟ್ಟು ನುಂಗುತ್ತದೆ. 75 ವ್ಯಾಟಿನ ಹಳೆಯ ಫ್ಯಾನಿಗೆ ಅದೇ ಒಂದು ಯೂನಿಟ್ಟು ಹದಿಮೂರು ಗಂಟೆ ಬರುತ್ತದೆ. ನಾವು ಬೈಸಿಕೊಳ್ಳುವ ಮಿಕ್ಸಿ ಇದೆಯಲ್ಲ, 500 ವ್ಯಾಟಿನದು, ದಿನಾ ಹತ್ತು ನಿಮಿಷ ಚಟ್ನಿ ಮಸಾಲೆ ರುಬ್ಬಿದರೆ ತಿಂಗಳಿಗೆಲ್ಲ ಸೇರಿ ಎರಡೂವರೆ ಯೂನಿಟ್ಟು. ಮನೆಯವರ ಬೆಳಗಿನ ಬಿಸಿನೀರಿನ ಸ್ನಾನ ಅದನ್ನು ಮೂರು ದಿನದಲ್ಲಿ ಮುಗಿಸುತ್ತದೆ. ಈ ಲೆಕ್ಕವನ್ನು ಕತ್ತರಿಸಿ ಮೀಟರಿನ ಪಕ್ಕ ಅಂಟಿಸಿದರೆ ನನ್ನ ಅಭ್ಯಂತರವಿಲ್ಲ!

ಕಾನೂನಿನ ಕೆಲವು ಮಾತು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಬಿಲ್ಲು ಕಟ್ಟಿಲ್ಲವೆಂದು ಒಮ್ಮೆಗೇ ಬಂದು ಫ್ಯೂಸ್ ಕೀಳುವಂತಿಲ್ಲ. ಪೂರ್ತಿ 15 ದಿನ ಮುಂಚೆ ಬರಹದಲ್ಲಿ ನೋಟೀಸು ಕೊಡಬೇಕು. ಬಿಲ್ಲು ತಪ್ಪೆಂದು ತಕರಾರು ಇದ್ದರೆ, ಕೇಳಿದ ಪೂರ್ತಿ ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು "ತಕರಾರಿನೊಂದಿಗೆ ಕಟ್ಟುತ್ತಿದ್ದೇನೆ" ಎಂದು ಬರೆದುಕೊಟ್ಟು ಕಟ್ಟಿದರೆ, ತಕರಾರು ತೀರುವವರೆಗೆ ಕರೆಂಟು ಕತ್ತರಿಸಕೂಡದು. 2020ರ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮದಂತೆ, ಮೀಟರು ನೋಡದೆ ಅಂದಾಜಿನ ಬಿಲ್ಲನ್ನು ಎರಡು ಸಲಕ್ಕಿಂತ ಹೆಚ್ಚು ಕೊಟ್ಟರೆ, ನಿಜವಾದ ರೀಡಿಂಗಿನ ಬಿಲ್ಲು ಬರುವವರೆಗೆ ಹಣ ತಡೆಹಿಡಿಯಬಹುದು. ಪ್ರವಾಹ, ಬಿರುಗಾಳಿಯಂಥ ಕಾಲ ಬೇರೆ. ನೀವು ಇಟ್ಟ ಠೇವಣಿಗೆ ಪ್ರತಿ ವರ್ಷ ಬಡ್ಡಿ ಬರಬೇಕು. ಅದನ್ನು ಬಿಲ್ಲಿನಲ್ಲಿ ಕಳೆದುಕೊಡುತ್ತಾರೆ, ಹುಡುಕಿ ನೋಡಿ.

ದೂರು ಹೇಳಲು 1912 ಎಂಬ ಫೋನಿದೆ. ದೂರಿನ ನಂಬರು ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಉಪವಿಭಾಗದ ಕಚೇರಿಗಳಲ್ಲಿ ಗ್ರಾಹಕರ ಸಂವಾದ ಸಭೆ ನಡೆಯುತ್ತದೆ. ಅಲ್ಲೂ ಆಗದಿದ್ದರೆ ಜಿಲ್ಲೆಗೊಂದರಂತೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆದುಕೊಡಬಹುದು. ವೇದಿಕೆಯ ತೀರ್ಪು ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್ ಇದ್ದಾರೆ. ಎಲ್ಲ ಕಡೆಯೂ ಕೇಳುವ ಮೊದಲ ಪ್ರಶ್ನೆ ಒಂದೇ, ಬರಹದಲ್ಲಿ ಕೊಟ್ಟಿದ್ದೀರಾ, ಸೀಲಿನ ಪ್ರತಿ ಇದೆಯೆ? ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಇನ್ನೊಂದು ಮಾತು. ಮೀಟರು ತೀರಿಕೊಂಡವರ ಹೆಸರಿನಲ್ಲಿದ್ದರೆ ತಡಮಾಡದೆ ಬದಲಿಸಿಕೊಳ್ಳಿ. ಮರಣ ಪ್ರಮಾಣಪತ್ರ, ಮನೆಯ ಕಾಗದ, ಒಡಹುಟ್ಟಿದವರ ಒಪ್ಪಿಗೆ ಇಂಥವನ್ನು ಕೇಳುತ್ತಾರೆ. "ನೀವು ಯಾರು, ಗ್ರಾಹಕರು ಎಲ್ಲಿ?" ಎಂದು ಕಚೇರಿಯಲ್ಲಿ ಕೇಳಿದಾಗ ಈ ಸೋದರಿ ಮಾವನವರ ಫೋಟೋಕ್ಕೆ ಹಾಕಿದ ಹಾರವನ್ನು ತೋರಿಸಬೇಕಾಯಿತಂತೆ, ಅದೂ ಮೊಬೈಲಿನಲ್ಲಿ!

ಮುಂದಿನ ಸಲ ಪತ್ರಿಕೆಯಲ್ಲಿ ಸಣ್ಣಕ್ಷರದ ದೊಡ್ಡ ಪ್ರಕಟಣೆ, ವಿದ್ಯುತ್ ದರ ಪರಿಷ್ಕರಣೆ ಎಂದು ಕಂಡರೆ ಅದರಲ್ಲಿ ಬಜ್ಜಿ ಇಡುವ ಮೊದಲು ಕತ್ತರಿಸಿ ಇಟ್ಟುಕೊಳ್ಳಿ. ಆಕ್ಷೇಪಣೆ ಯಾರಿಗೆ, ಎಷ್ಟು ಪ್ರತಿ, ಎಂದಿನೊಳಗೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಮಹಿಳಾ ಸಮಾಜದಲ್ಲಿ, ಸ್ವಸಹಾಯ ಸಂಘದಲ್ಲಿ ಹತ್ತು ಜನ ಕೂತು ಒಂದು ಕಾಗದ ಬರೆಯಬಹುದು. ನಮ್ಮ ಬೀದಿಯಲ್ಲಿ ನಾವು ಆರು ಮಂದಿ ಹಾಗೆ ಮಾಡಬೇಕೆಂದಿದ್ದೇವೆ. ಪಿಂಚಣಿಯ 36 ಪೈಸೆಯ ಪ್ರಶ್ನೆ ನನ್ನದು. ಪಕ್ಕದ ಮನೆಯಾಕೆಯದು ದೋಸೆ ಹಿಟ್ಟು ಮಾರುವ ಹೆಂಗಸರ ಗ್ರೈಂಡರಿನ ಪ್ರಶ್ನೆ. ಸಭೆಯಲ್ಲಿ ಈ ಸಲ ಬಾಯಿ ಬಿಟ್ಟೆನೋ ಇಲ್ಲವೋ, ಬರೆದು ತಿಳಿಸುತ್ತೇನೆ.

ಆ ಸೋದರಿಯ ಮನೆಯ ಫ್ರಿಜ್ಜು ಮತ್ತೆ ನಡೆಯುತ್ತಿದೆ. ಯಜಮಾನರು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲವಂತೆ. ಆದರೆ ಪ್ರತಿ ತಿಂಗಳು ಒಂದನೆಯ ತಾರೀಕು ತಾವೇ ಸ್ಟೂಲು ಹತ್ತಿ ಮೀಟರು ನೋಡಿ ಕ್ಯಾಲೆಂಡರಿನಲ್ಲಿ ಅಂಕಿ ಬರೆಯುತ್ತಾರೆ. ಕನ್ನಡಕ ಹುಡುಕಿಕೊಡುವ ಕೆಲಸ ಮಾತ್ರ ಈಕೆಯದು.